ಹಳೆಯ ಕಾಂಬಿನೇಷನ್ ಕೋವಿಗೆ ತಿರುಪು ಚೋಕ್ ಹಾಕಿಸುವುದು: ಅಳತೆಯಿಂದ ಗುರಿ ಪರೀಕ್ಷೆಯವರೆಗೆ

ರೈಫಲ್ ನಳಿಗೆ, ಚರೆ ನಳಿಗೆ ಎರಡೂ ಒಂದೇ ಕೋವಿಯಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಚೋಕ್ ತುಂಬಾ ಬಿಗಿಯಾಗಿದೆ, ಹೊಸ ಕೋವಿಗಳಲ್ಲಿ ಇರುವ ಹಾಗೆ ತಿರುಗಿಸಿ ತೆಗೆದು ಹಾಕುವ ಚೋಕ್ ಇದಕ್ಕೂ ಹಾಕಿಸಬಹುದೇ?" ಕೆಲವಕ್ಕೆ ಹಾಕಿಸಬಹುದು, ಹಲವಕ್ಕೆ ಆಗುವುದಿಲ್ಲ. ನಿಮ್ಮ ಕೋವಿ ಯಾವ ಗುಂಪಿನದು ಎಂದು ತಿಳಿಯಲು ಒಂದೇ ದಾರಿ, ನಳಿಗೆಯ ಬಾಯಿಯಲ್ಲಿ ಎಷ್ಟು ಉಕ್ಕು ಉಳಿದಿದೆ ಎಂದು ಅಳೆಯುವುದು. ಈ ಲೇಖನದ ದೊಡ್ಡ ಭಾಗ ಅಳತೆಗೇ ಮೀಸಲಾಗಿದೆ. ಕೆಡುವ ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಅಳತೆ ತಪ್ಪಿದ್ದರಿಂದ.

ನಳಿಗೆ ಕೊರೆಯುವ ಕೆಲಸವನ್ನು ಪರವಾನಗಿ ಇರುವ ಗನ್‌ಸ್ಮಿತ್ ಮಾಡಬೇಕು. ಹಲವು ದೇಶಗಳ ಕಾನೂನು ಅದನ್ನೇ ಹೇಳುತ್ತದೆ, ಕೋವಿಯ ಹಿತವೂ ಅದರಲ್ಲೇ ಇದೆ. ಹಾಗಿದ್ದರೂ ಹಂತಗಳನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ಏನು ಕೇಳಬೇಕು, ಎಲ್ಲಿ ಬೇಡ ಎನ್ನಬೇಕು, ಕೆಲಸ ಮುಗಿದ ಮೇಲೆ ಏನು ನೋಡಿ ಕೋವಿಯನ್ನು ವಾಪಸ್ ತೆಗೆದುಕೊಳ್ಳಬೇಕು ಎಂಬುದು ಕೋವಿಯ ಒಡೆಯರಿಗೆ ಗೊತ್ತಿರಬೇಕು.

ಪದಗಳ ಪರಿಚಯ

ಚೋಕ್ ಎಂದರೆ ಚರೆ ನಳಿಗೆಯ ಬಾಯಿಯ ಹತ್ತಿರ ಒಳವ್ಯಾಸ ಕಿರಿದಾಗುವ ಭಾಗ. ಚರೆಗಳು ಹೊರಬಿದ್ದ ಮೇಲೆ ಎಷ್ಟು ಚದುರುತ್ತವೆ ಎನ್ನುವುದನ್ನು ಅದು ನಿರ್ಧರಿಸುತ್ತದೆ. ಅದರ ಲೆಕ್ಕ ಸರಳ: ನಳಿಗೆಯ ಒಳವ್ಯಾಸದಿಂದ ಬಾಯಿಯ ಒಳವ್ಯಾಸವನ್ನು ಕಳೆದರೆ ಬರುವುದೇ ಬಿಗಿತ. ಬೋರ್ ಎಂದರೆ ಚರೆ ನಳಿಗೆಯ ಗಾತ್ರ ಹೇಳುವ ಸಂಖ್ಯೆ, ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. 12 ಬೋರಿನಲ್ಲಿ ಸುಮಾರು 1.0 ಮಿಲಿಮೀಟರ್ ಬಿಗಿತ ಇದ್ದರೆ ಫುಲ್ ಚೋಕ್, 0.5 ಇದ್ದರೆ ಹಾಫ್, 0.25 ಇದ್ದರೆ ಕಾಲು ಚೋಕ್. ಏನೂ ಇಲ್ಲದಿದ್ದರೆ ಸಿಲಿಂಡರ್.

ತಿರುಪು ಚೋಕ್ ಅಥವಾ ಚೋಕ್ ಟ್ಯೂಬ್ ಎಂದರೆ ನಳಿಗೆಯ ಬಾಯಿಯೊಳಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸುವ ಗಿಡ್ಡ ಕೊಳವೆ. ಅದರ ಹಿಂತುದಿಯ ತೆಳ್ಳಗಿನ ಭಾಗವನ್ನು ಸ್ಕರ್ಟ್ ಎನ್ನುತ್ತಾರೆ. ಈ ಪದ ನೆನಪಿರಲಿ, ಅಪಾಯವೆಲ್ಲ ಅಲ್ಲಿಯೇ.

ಬೇಕಾಗುವ ಸಾಮಾನು

ಅಳತೆಗೆ: 0.01 ಮಿಲಿಮೀಟರ್ ತೋರಿಸುವ ಮೈಕ್ರೋಮೀಟರ್, ನಳಿಗೆಯ ಒಳಗೆ ಇಳಿಯುವ ಡಯಲ್ ಬೋರ್ ಗೇಜ್, ಗೋಡೆಯ ದಪ್ಪ ಅಳೆಯುವ ಗೇಜ್, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಅಳೆಯುವ ಗೇಜ್. ಸಾದಾ ವರ್ನಿಯರ್ ಸಾಲದು. ವರ್ನಿಯರಿನ ದವಡೆ ನಳಿಗೆಯ ಬಾಯಿಯ ಅಂಚನ್ನು ಮಾತ್ರ ಮುಟ್ಟುತ್ತದೆ, ಆ ಅಂಚು ಸವೆದು ಅಗಲವಾಗಿದ್ದರೆ ಸುಳ್ಳು ಅಳತೆ ಕೊಡುತ್ತದೆ.

ಕೊರೆತಕ್ಕೆ: ಆಯ್ದ ಟ್ಯೂಬ್ ಪದ್ಧತಿಗೆ ಹೊಂದುವ ಪೈಲಟ್ ಇರುವ ರೀಮರ್, ಅದೇ ಪದ್ಧತಿಯ ಪೈಲಟ್ ಟ್ಯಾಪ್, 0.02–0.03 ಮಿಲಿಮೀಟರ್ ಅಂತರದಲ್ಲಿ ಬೇರೆ ಬೇರೆ ಅಳತೆಯ ಪೈಲಟ್ ಬುಶ್‌ಗಳು, ಗಂಧಕ ಸೇರಿದ ಕಟಿಂಗ್ ಆಯಿಲ್, ಮೆತ್ತನೆಯ ದವಡೆಯ ವೈಸ್. ರೀಮರ್ ಎಂದರೆ ರಂಧ್ರವನ್ನು ಅಗಲ ಮಾಡುವ ಹತ್ಯಾರ, ಟ್ಯಾಪ್ ಎಂದರೆ ಒಳಗೆ ಥ್ರೆಡ್ ಕೊರೆಯುವ ಹತ್ಯಾರ. ಪೈಲಟ್ ಎಂದರೆ ಹತ್ಯಾರದ ಮುಂದೆ ನಳಿಗೆಯೊಳಗೆ ಸರಿಯಾಗಿ ಕೂತು ದಾರಿ ತೋರಿಸುವ ದಂಡ, ಬುಶ್ ಎಂದರೆ ಅದನ್ನು ನಳಿಗೆಯ ಅಳತೆಗೆ ಹೊಂದಿಸುವ ಉಂಗುರ.

ಹಂತ 1: ನಳಿಗೆಯ ಮೇಲಿನ ಗುರುತುಗಳನ್ನು ಓದಿ

ಎಲ್ಲ ನಳಿಗೆಗಳೂ ಖಾಲಿ ಇವೆಯೇ ನೋಡಿ, ನಳಿಗೆಯನ್ನು ಕೋವಿಯಿಂದ ಬಿಡಿಸಿ, ಅಡಿಭಾಗವನ್ನು ಒರೆಸಿ ಭೂತಗನ್ನಡಿಯಲ್ಲಿ ಓದಿ. ಜರ್ಮನಿಯ ಹಳೆಯ ಕೋವಿಗಳಲ್ಲಿ ವೃತ್ತದೊಳಗೆ 16 ಅಥವಾ 12 ಎಂದು ಇರುತ್ತದೆ, ಅದು ಚೇಂಬರಿನ ಬೋರ್. ಕಿರೀಟದ ಕೆಳಗೆ ಡಬ್ಲ್ಯು ಅಕ್ಷರ ಇದ್ದರೆ ನಳಿಗೆ ಚೋಕ್ ಇಟ್ಟು ಕೊರೆದದ್ದು ಎಂದರ್ಥ. ಉಕ್ಕಿನ ಹೆಸರೂ ಇರಬಹುದು: ಕ್ರುಪ್, ಬೋಲರ್ ಬ್ಲಿಟ್ಜ್, ಬೋಲರ್ ಆಂಟಿನಿಟ್. ಇವು ಒಳ್ಳೆಯ ಉಕ್ಕುಗಳೇ.

ಎರಡು ವಿಷಯ ಇಲ್ಲೇ ತೀರ್ಮಾನವಾಗುತ್ತವೆ. ಪಟ್ಟಿಗಳನ್ನು ಹೆಣೆದು ಬಡಿದ ಡಮಾಸ್ಕಸ್ ನಳಿಗೆಯಾದರೆ ಕೆಲಸವನ್ನು ಇಲ್ಲಿಗೇ ಬಿಡಿ, ಅದಕ್ಕೆ ಥ್ರೆಡ್ ಕೊರೆಯಬಾರದು. ಒಳಗೆ ಕ್ರೋಮ್ ಲೇಪವಿದ್ದರೆ ಸಾದಾ ರೀಮರ್ ಕಚ್ಚುವುದಿಲ್ಲ, ಜಾರಿ ಅಡ್ಡಾದಿಡ್ಡಿ ಕೊರೆಯುತ್ತದೆ.

ಚೇಂಬರಿನ ಉದ್ದವನ್ನೂ ಇದೇ ಹೊತ್ತಿಗೆ ಅಳೆಯಿರಿ. ಹಳೆಯ 16 ಬೋರ್ ಕೋವಿಗಳಲ್ಲಿ 65 ಮಿಲಿಮೀಟರ್ ಚೇಂಬರ್ ಸಾಮಾನ್ಯ. ಅದಕ್ಕೆ 70 ಮಿಲಿಮೀಟರ್ ತೋಟಾ ಹಾಕಿದರೆ ಒಳಗೆ ಸುಲಭವಾಗಿ ಹೋಗಿಬಿಡುತ್ತದೆ. ತೋಟಾದ ಉದ್ದ ಎಂದು ಹೇಳುವುದು ಅದರ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆ. ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಹೊಸ ಚೋಕ್ ಹಾಕಿದರೂ ಈ ತೊಂದರೆ ಹೋಗುವುದಿಲ್ಲ.

ಹಂತ 2: ಕೊರೆಯುವ ಮೊದಲು ಈಗಿನ ಗುರಿಯನ್ನು ದಾಖಲಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕಾಂಬಿನೇಷನ್ ಕೋವಿಯಲ್ಲಿ ನಳಿಗೆಗಳನ್ನು ಬೆಸುಗೆ ಹಾಕಿ ಜೋಡಿಸಿರುತ್ತಾರೆ. ರೈಫಲ್ ಗುಂಡೂ ಚರೆಯೂ ಒಂದೇ ಗುರಿಗೆ ಬೀಳುವ ಹಾಗೆ ಕಾರ್ಖಾನೆಯಲ್ಲಿ ಕೈಯಿಂದ ಹೊಂದಿಸಿರುತ್ತಾರೆ. ಮೊದಲು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಆಮೇಲೆ ಗುರಿ ಕೆಟ್ಟಿದೆಯೇ ಇಲ್ಲವೇ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ರೈಫಲ್ ನಳಿಗೆಯಿಂದ 100 ಮೀಟರಿಗೆ ಮೂರು ಗುಂಡು, ಪ್ರತಿ ಗುಂಡಿನ ನಂತರ ನಳಿಗೆ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಬೆಸುಗೆ ಹಾಕಿದ ನಳಿಗೆಗಳಲ್ಲಿ ಒಂದು ಬಿಸಿಯಾಗಿ ಉದ್ದವಾದರೆ ಇನ್ನೊಂದನ್ನು ಬಾಗಿಸುತ್ತದೆ, ಅವಸರ ಮಾಡಿದರೆ ಗುಂಡುಗಳು ಏಣಿಯ ಮೆಟ್ಟಿಲಿನಂತೆ ಒಂದೇ ದಿಕ್ಕಿಗೆ ಏರುತ್ತ ಹೋಗುತ್ತವೆ.

ಚರೆ ನಳಿಗೆಯಿಂದ 35 ಮೀಟರಿಗೆ ದೊಡ್ಡ ಕಾಗದಕ್ಕೆ ಹಾರಿಸಿ. ಪ್ರತಿ ಹೊಡೆತಕ್ಕೂ ಹೊಸ ಕಾಗದ, ಕನಿಷ್ಠ ಐದು ಕಾಗದ. ರಂಧ್ರಗಳು ಹೆಚ್ಚು ದಟ್ಟವಾಗಿರುವ ಕಡೆ 75 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆದು ಒಳಗಿನ ರಂಧ್ರ ಎಣಿಸಿ. 3 ಮಿಲಿಮೀಟರಿನ ಸೀಸದ ಚರೆ 32 ಗ್ರಾಮಿನಲ್ಲಿ ಸುಮಾರು 200 ಇರುತ್ತವೆ. ಅದರಲ್ಲಿ 140ರ ಆಸುಪಾಸು ವೃತ್ತದೊಳಗೆ ಬಿದ್ದರೆ ಅದು ಫುಲ್ ಚೋಕಿನ ನಡತೆ. ವೃತ್ತದ ಕೇಂದ್ರ ಗುರಿಯಿಂದ ಎಷ್ಟು ದೂರ, ಯಾವ ಕಡೆ ಎಂದೂ ಬರೆದಿಡಿ.

ಹಂತ 3: ಅಳತೆ

ಮೊದಲು ನಳಿಗೆಯ ಒಳವ್ಯಾಸ. ಹಿಂತುದಿಯಿಂದ 23 ಸೆಂಟಿಮೀಟರ್ ಒಳಗೆ ಒಮ್ಮೆ, ನಡುವೆ ಒಮ್ಮೆ, ಚೋಕ್ ಶುರುವಾಗುವ ಸ್ವಲ್ಪ ಹಿಂದೆ ಒಮ್ಮೆ ಅಳೆಯಿರಿ. 12 ಬೋರಿನ ನಾಮಮಾತ್ರ ಒಳವ್ಯಾಸ 18.5 ಮಿಲಿಮೀಟರ್, 16ರದ್ದು 16.8, 20ರದ್ದು 15.6. ಹಳೆಯ ಕೋವಿಗಳು ಈ ಅಂಕಿಗಳಿಗೆ ಕಟ್ಟುಬೀಳುವುದಿಲ್ಲ. ನಿಮಗೆ ಮುಖ್ಯವಾದದ್ದು ಮೂರನೆಯ ಅಳತೆ, ಏಕೆಂದರೆ ಟ್ಯೂಬಿನ ಸ್ಕರ್ಟ್ ಬಂದು ನಿಲ್ಲುವುದು ಆ ಜಾಗದಲ್ಲಿ.

ಆಮೇಲೆ ಬಾಯಿಯ ಹೊರವ್ಯಾಸ. ಬಾಯಿಯಿಂದ ಹಿಂದಕ್ಕೆ, ಟ್ಯೂಬಿನ ಉದ್ದಕ್ಕಿಂತ 20 ಮಿಲಿಮೀಟರ್ ಹೆಚ್ಚು ದೂರದವರೆಗೆ, ಪ್ರತಿ 10 ಮಿಲಿಮೀಟರಿಗೆ ಒಂದರಂತೆ ಅಳೆಯಬೇಕು. ಹಳೆಯ ನಳಿಗೆಗಳು ಬಾಯಿಯಲ್ಲಿ ದಪ್ಪವಿದ್ದು ಸ್ವಲ್ಪ ಹಿಂದಕ್ಕೆ ತೆಳ್ಳಗಾಗುವುದುಂಟು. ಬಾಯಿಯ ಅಂಕಿಯೊಂದನ್ನೇ ನಂಬಿ ಕೊರೆದರೆ ಸ್ಕರ್ಟ್ ಕೂರುವ ಜಾಗದಲ್ಲಿ ಗೋಡೆ ಕಾಗದದಂತಾಗುತ್ತದೆ.

ಲೆಕ್ಕ ಹೀಗೆ. ಟ್ಯೂಬಿನ ಥ್ರೆಡ್ಡಿನ ಹೊರವ್ಯಾಸ 20.6 ಮಿಲಿಮೀಟರ್, ನಳಿಗೆಯ ಹೊರವ್ಯಾಸ 21.8 ಎಂದುಕೊಳ್ಳಿ. ವ್ಯತ್ಯಾಸ 1.2, ಅಂದರೆ ಸುತ್ತಲೂ 0.6 ಮಿಲಿಮೀಟರ್ ಗೋಡೆ ಉಳಿಯುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಒಳಗಿನ ರಂಧ್ರ ಹೊರಗಿನ ವೃತ್ತದ ನಡುವಿನಲ್ಲೇ ಇದೆ ಎಂದು ಯಾರು ಹೇಳಿದರು? ಹಳೆಯ ನಳಿಗೆಗಳ ಹೊರಮೈಯನ್ನು ಕೈ ಅರದಿಂದ ಉಜ್ಜಿ ರೂಪ ಕೊಟ್ಟಿರುತ್ತಾರೆ. ಕೇಂದ್ರ 0.25 ಸರಿದಿದ್ದರೆ ಒಂದು ಕಡೆ 0.85 ಉಳಿದು, ಎದುರು ಕಡೆ ಉಳಿಯುವುದು 0.35 ಮಾತ್ರ. ಆದ್ದರಿಂದ ಗೋಡೆಯ ದಪ್ಪದ ಗೇಜನ್ನು ಒಳಗಿಳಿಸಿ, ಗಡಿಯಾರದ 12, 3, 6, 9ರ ಸ್ಥಾನಗಳಲ್ಲಿ ಬೇರೆ ಬೇರೆಯಾಗಿ ಅಳೆದು, ಅತಿ ತೆಳ್ಳಗಿನದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಥ್ರೆಡ್ಡಿನ ತಳದಿಂದ ಹೊರಮೈವರೆಗೆ ಅತಿ ತೆಳ್ಳಗಿನ ಜಾಗದಲ್ಲಿ 0.4 ಮಿಲಿಮೀಟರಿಗಿಂತ ಕಡಿಮೆ ಉಳಿಯುವುದಾದರೆ ಕೆಲಸ ಬೇಡ ಎನ್ನುವುದು ನಮ್ಮ ಗೆರೆ. ಟ್ಯೂಬ್ ತಯಾರಕರ ಪಟ್ಟಿ ಇದಕ್ಕಿಂತ ಹೆಚ್ಚು ಕೇಳಿದರೆ ಅವರ ಮಾತೇ ನಡೆಯಲಿ.

ಗೇಜಿಗೂ ಸಿಗದ ಜಾಗ ಒಂದಿದೆ: ಎರಡು ನಳಿಗೆ ಸೇರುವ ಒಳಮಗ್ಗುಲು. ಬಾಯಿಯ ಹತ್ತಿರ ನಳಿಗೆಗಳನ್ನು ಒತ್ತಾಗಿ ತರಲು ಕೆಲವು ಕುಶಲಿಗಳು ಆ ಮಗ್ಗುಲನ್ನು ಚಪ್ಪಟೆಯಾಗಿ ಅರ ಹಾಕಿ, ಮೇಲೆ ಬೆಸುಗೆ ತುಂಬಿರುತ್ತಾರೆ. ಹೊರಗಿನಿಂದ ನೋಡಿದರೆ ದುಂಡಗೆ ಕಾಣುತ್ತದೆ, ಆದರೆ ಅಲ್ಲಿರುವುದು ಉಕ್ಕಲ್ಲ, ತವರದ ಬೆಸುಗೆ. ಇದನ್ನು ಪತ್ತೆ ಮಾಡಲು ಬಾಯಿಯ ಮುಖವನ್ನು ಚೆನ್ನಾಗಿ ಒರೆಸಿ, ಎಣ್ಣೆ ತೆಗೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಉಕ್ಕು ಕಪ್ಪಾಗಿಯೂ ಬೆಸುಗೆ ಬೂದು ಬಿಳುಪಾಗಿಯೂ ಕಾಣುತ್ತದೆ. ಎರಡರ ನಡುವಿನ ಗೆರೆ ನಳಿಗೆಯ ವೃತ್ತವನ್ನು ಮುರಿದು ನೇರವಾಗಿ ಹಾದಿದ್ದರೆ ಅದು ಅರ ಹಾಕಿದ ನಳಿಗೆ. ಉಳಿದಿರುವ ಉಕ್ಕನ್ನು ಆ ಗೆರೆಯವರೆಗೆ ಮಾತ್ರ ಅಳೆಯಿರಿ.

ಹಂತ 4: ಟ್ಯೂಬೇ ಬೇಕೇ ಎಂದು ತೀರ್ಮಾನಿಸಿ

ನೇರವಾಗಿ ಹೇಳುತ್ತೇವೆ: ಹಳೆಯ ಕಾಂಬಿನೇಷನ್ ಕೋವಿಗಳಲ್ಲಿ ಹೆಚ್ಚಿನವಕ್ಕೆ ತಿರುಪು ಚೋಕಿಗಿಂತ, ಇರುವ ಚೋಕನ್ನೇ ಸ್ವಲ್ಪ ತೆರೆಸುವುದು ಮೇಲು. 1.0 ಬಿಗಿತವನ್ನು 0.5ಕ್ಕೆ ಇಳಿಸಿದರೆ ಬೇಟೆಯಲ್ಲಿ ಎದುರಾಗುವ ದೂರಗಳಲ್ಲಿ ಬಹುಪಾಲಿಗೆ ಅದು ಸಾಕು. ಥ್ರೆಡ್ ಇಲ್ಲ, ಸ್ಕರ್ಟ್ ಇಲ್ಲ, ಗೋಡೆಯಿಂದ ಹೋಗುವ ಉಕ್ಕೂ ಅತಿ ಕಡಿಮೆ. ತೆರೆಸುವಾಗ ಒಂದು ಸಲಕ್ಕೆ 0.1 ಮಿಲಿಮೀಟರ್ ಮಾತ್ರ ತೆಗೆಸಿ, ಕಾಗದಕ್ಕೆ ಹಾರಿಸಿ ನೋಡಿ, ಮತ್ತೆ ಮುಂದುವರಿಸಿ. ತೆಗೆದ ಉಕ್ಕನ್ನು ಮತ್ತೆ ಅಂಟಿಸಲಾಗದು.

ಟ್ಯೂಬ್ ನಿಜಕ್ಕೂ ಉಪಯೋಗಕ್ಕೆ ಬರುವುದು ಒಂದೇ ನಳಿಗೆಯಿಂದ ಒಂದು ದಿನ ದೂರದ ಹೊಡೆತ, ಇನ್ನೊಂದು ದಿನ ಹತ್ತಿರದ ಹೊಡೆತ, ಮತ್ತೊಂದು ದಿನ ಒಂಟಿ ಗುಂಡಿನ ತೋಟಾ ಬೇಕಾಗುವವರಿಗೆ. ಉಕ್ಕಿನ ಚರೆ ಬಳಸಬೇಕಾದವರೂ ಕೇಳುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 2023ರ ಫೆಬ್ರವರಿ 15ರಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ನಿಷೇಧವಾದ ಮೇಲೆ ಈ ಪ್ರಶ್ನೆ ಹೆಚ್ಚಿದೆ. ಉಕ್ಕಿನ ಚರೆ ಸೀಸದಂತೆ ಅದುಮಿಕೊಳ್ಳುವುದಿಲ್ಲ, ಬಿಗಿ ಚೋಕಿನಲ್ಲಿ ಹಾದರೆ ನಳಿಗೆಯನ್ನೇ ಉಬ್ಬಿಸಬಹುದು. ಆದರೆ ಚೋಕ್ ತೆರೆದ ಮಾತ್ರಕ್ಕೆ ಹಳೆಯ ನಳಿಗೆ ಎಲ್ಲ ಉಕ್ಕಿನ ತೋಟಾಗಳಿಗೂ ಯೋಗ್ಯವಾಗುವುದಿಲ್ಲ. ಹೆಚ್ಚು ಒತ್ತಡದ ಉಕ್ಕಿನ ತೋಟಾಗಳಿಗೆ ನಳಿಗೆಯ ಮೇಲೆ ಲಿಲ್ಲಿ ಹೂವಿನ ಪ್ರೂಫ್ ಮುದ್ರೆ (ಒತ್ತಡ ಪರೀಕ್ಷೆಯ ಗುರುತು, ಹಂತ 8 ನೋಡಿ) ಇರಲೇಬೇಕು.

ಮೂರು ನಳಿಗೆಯ ಡ್ರಿಲ್ಲಿಂಗ್ ಆದರೆ ಎರಡೂ ಚರೆ ನಳಿಗೆಗೆ ಟ್ಯೂಬ್ ಹಾಕಿಸುವ ಅಗತ್ಯವಿಲ್ಲ. ಒಂದಕ್ಕೆ ಹಾಕಿಸಿ, ಇನ್ನೊಂದನ್ನು ಇದ್ದ ಹಾಗೇ ಬಿಡಿ.

ಚರೆ ನಳಿಗೆಯೊಳಗೆ ಸಣ್ಣ ಕ್ಯಾಲಿಬರಿನ ಉದ್ದದ ಒಳನಳಿಗೆ ಹಾಕಿ ಬಳಸುವವರು ಇನ್ನೊಂದು ವಿಷಯ ಯೋಚಿಸಬೇಕು. ಬಾಯಿಯವರೆಗೆ ಬರುವ ಒಳನಳಿಗೆಯನ್ನು ಈಗಿನ ಚೋಕಿನ ಅಳತೆಗೆ ಹೊಂದಿಸಿ ಕೂರಿಸಿರುತ್ತಾರೆ. ಚೋಕ್ ಬದಲಾದರೆ ಅದರ ಆಧಾರವೇ ಹೋಗುತ್ತದೆ, ಗುರಿಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ.

ಹಂತ 5: ಟ್ಯೂಬ್ ಆಯ್ಕೆ

ತೆಳು ಗೋಡೆಯ ಪದ್ಧತಿಯ ಟ್ಯೂಬನ್ನೇ ಕೇಳಿ. ಹೊಸ ಕೋವಿಗಳಿಗೆ ಮಾಡಿದ ದಪ್ಪ ಟ್ಯೂಬುಗಳು ಹಳೆಯ ನಳಿಗೆಗೆ ಹಿಡಿಸುವುದು ಅಪರೂಪ. 16 ಬೋರಿಗೆ ಅಂಗಡಿಯಲ್ಲಿ ಸಿದ್ಧ ಟ್ಯೂಬಿನ ಆಯ್ಕೆ ಕಡಿಮೆ, ನಿಮ್ಮ ನಳಿಗೆಯ ಅಳತೆಗೇ ಮಾಡಿಸಬೇಕಾಗಬಹುದು.

ಸ್ಕರ್ಟಿನ ಒಳವ್ಯಾಸ ನಳಿಗೆಯ ಒಳವ್ಯಾಸಕ್ಕಿಂತ 0.05ರಿಂದ 0.1 ಮಿಲಿಮೀಟರ್ ಹೆಚ್ಚಿರಬೇಕು. ನಳಿಗೆ 18.6 ಇದ್ದು ಸ್ಕರ್ಟ್ 18.5 ಇದ್ದರೆ ಒಳಗೆ ಒಂದು ಅಂಚು ಚಾಚಿಕೊಂಡಿರುತ್ತದೆ. ವೇಗವಾಗಿ ಬರುವ ಚರೆ ಮತ್ತು ವಾಡ್ ಆ ಅಂಚಿಗೆ ಬಡಿದು ಟ್ಯೂಬನ್ನು ಕಿತ್ತು ಹೊರಗೆಸೆಯಬಹುದು, ನಳಿಗೆಯ ಬಾಯಿ ಹೂವಿನಂತೆ ಬಿಚ್ಚಿಕೊಳ್ಳಬಹುದು. ವಾಡ್ ಎಂದರೆ ಚರೆಗೂ ಮದ್ದಿಗೂ ನಡುವಿನ ಬಟ್ಟಲು.

ಬಾಯಿಯಿಂದ ಹೊರಗೆ ಚಾಚುವ ಉದ್ದದ ಟ್ಯೂಬ್ ಕಾಂಬಿನೇಷನ್ ಕೋವಿಗೆ ಬೇಡವೇ ಬೇಡ. ಪಕ್ಕದಲ್ಲೋ ಕೆಳಗೋ ರೈಫಲ್ ನಳಿಗೆಯ ಬಾಯಿ ಇರುತ್ತದೆ. ಚಾಚಿದ ಟ್ಯೂಬಿಗೆ ರೈಫಲ್ಲಿನ ಅನಿಲ ಒಂದೇ ಕಡೆಯಿಂದ ಬಡಿದು ಗುಂಡಿನ ದಿಕ್ಕು ಕೆಡುತ್ತದೆ. ಟ್ಯೂಬಿನ ತಲೆ ಅಗಲವಾಗಿದ್ದರೆ ಗುಂಡೇ ಅದಕ್ಕೆ ತಗುಲಬಹುದು. ಬಾಯಿಯ ಮಟ್ಟಕ್ಕೆ ಸರಿಯಾಗಿ ಕೂರುವ ಟ್ಯೂಬ್ ಮಾತ್ರ ಆಗಬೇಕು.

ಹಂತ 6: ಕೊರೆತ

ಒಂಟಿ ನಳಿಗೆಯನ್ನು ಲೇತಿಗೆ ಕಟ್ಟಿ ತಿರುಗಿಸಬಹುದು. ಜೋಡಿ ನಳಿಗೆಯನ್ನು ಹಾಗೆ ತಿರುಗಿಸುವುದು ಕಷ್ಟ, ಆದ್ದರಿಂದ ನಳಿಗೆಯನ್ನು ಸ್ಥಿರವಾಗಿಟ್ಟು ಹತ್ಯಾರವನ್ನು ಕೈಯಿಂದ ತಿರುಗಿಸುತ್ತಾರೆ. ತೆಳು ನಳಿಗೆಯ ಬಾಯನ್ನು ಹಿಗ್ಗಿಸಿ ಜಾಗ ಮಾಡುವ ಪದ್ಧತಿಯೂ ಒಂಟಿ ನಳಿಗೆಗಳಲ್ಲಿದೆ. ಬೆಸುಗೆ ಇರುವ ಕಡೆ ಅದು ನಡೆಯದು, ಬೆಸುಗೆ ಬಿಟ್ಟುಕೊಳ್ಳುತ್ತದೆ. ನಳಿಗೆಯನ್ನು ಗಿಡ್ಡ ಮಾಡೋಣ ಎಂಬ ಸಲಹೆ ಬಂದರೂ ಒಪ್ಪಬೇಡಿ: ರೈಫಲ್ ನಳಿಗೆಯನ್ನೂ ಜೊತೆಗೆ ಕತ್ತರಿಸಬೇಕಾಗುತ್ತದೆ, ಹೊಂದಿಸಿದ ಗುರಿ ಪೂರ್ತಿ ಹೋಗುತ್ತದೆ, ಕಾನೂನಿನ ಕನಿಷ್ಠ ಉದ್ದದ ಪ್ರಶ್ನೆಯೂ ಏಳುತ್ತದೆ.

ಮೊದಲು ರೈಫಲ್ ನಳಿಗೆಯ ಬಾಯಿಗೆ ಬಿರಡೆ ಹಾಕಿ ಮೇಲೆ ಟೇಪ್ ಸುತ್ತಬೇಕು. ಉಕ್ಕಿನ ಒಂದು ಚೂರು ಅದರೊಳಗೆ ಹೋಗಿ, ಆಮೇಲೆ ಸ್ವಚ್ಛ ಮಾಡುವ ಸಲಾಕೆ ಅದನ್ನು ಎಳೆದಾಡಿದರೆ ರೈಫಲಿಂಗ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗಾಡಿಗಳು) ಗೀರಿಕೊಳ್ಳುತ್ತದೆ.

ಪೈಲಟ್ ಕೂರಿಸುವಲ್ಲಿ ಒಂದು ತೊಡಕಿದೆ. ನಳಿಗೆಯ ಒಳವ್ಯಾಸಕ್ಕೆ ಹೊಂದುವ ಬುಶ್ ಬಾಯಿಯ ಕಡೆಯಿಂದ ಒಳಗೆ ಹೋಗುವುದಿಲ್ಲ, ಹಳೆಯ ಚೋಕ್ ಅಡ್ಡ ನಿಲ್ಲುತ್ತದೆ. ಹಾಗಾಗಿ ಮೊದಲು ಹಳೆಯ ಚೋಕನ್ನು ನಳಿಗೆಯ ವ್ಯಾಸಕ್ಕೆ ರೀಮ್ ಮಾಡಿ ತೆಗೆಯಬೇಕು, ಇಲ್ಲವೇ ಉದ್ದದ ದಂಡದ ಮೂಲಕ ಬುಶ್ಶನ್ನು ಹಿಂತುದಿಯಿಂದ ಇಳಿಸಬೇಕು. ಬುಶ್ ಸಡಿಲವಿರಬಾರದು. ಎಣ್ಣೆ ಸವರಿದಾಗ ಕೈಯ ಒತ್ತಡಕ್ಕೆ ಜಾರಬೇಕು, ಅಲುಗಿಸಿದರೆ ಅಲುಗಬಾರದು. ರೀಮರ್ ಹಿಂಬಾಲಿಸಬೇಕಾದದ್ದು ಒಳಗಿನ ರಂಧ್ರವನ್ನು, ಹೊರಮೈಯನ್ನಲ್ಲ. ಇಲ್ಲಿ ಟ್ಯೂಬಿನ 50 ಮಿಲಿಮೀಟರ್ ಉದ್ದಕ್ಕೆ 0.1 ಮಿಲಿಮೀಟರ್ ಓರೆಯಾದರೆ, ಅದೇ ಓರೆಯ ಗೆರೆ 35 ಮೀಟರ್ ಹೋಗುವಷ್ಟರಲ್ಲಿ 7 ಸೆಂಟಿಮೀಟರ್ ಸರಿದಿರುತ್ತದೆ.

ರೀಮರಿಗೆ ಎಷ್ಟು ಆಳ ಹೋಗಬೇಕೆಂದು ತಡೆ ಕಾಲರ್ ಕಟ್ಟಿ, ಎಣ್ಣೆ ಧಾರಾಳವಾಗಿ ಹಾಕಿ, ಒಂದೇ ದಿಕ್ಕಿಗೆ ತಿರುಗಿಸಬೇಕು. ಹೊರತೆಗೆಯುವಾಗಲೂ ಅದೇ ದಿಕ್ಕು. ಹಿಂದಕ್ಕೆ ತಿರುಗಿಸಿದರೆ ಅಂಚು ಮುರಿಯುತ್ತದೆ, ಸಿಕ್ಕಿಕೊಂಡ ಚೂರು ಗೋಡೆಯನ್ನು ಗೀರುತ್ತದೆ. ಕೆಲವು ಸುತ್ತಿಗೊಮ್ಮೆ ಹೊರತೆಗೆದು ಚೂರು ಒರೆಸಬೇಕು.

ಟ್ಯಾಪಿನ ರೀತಿ ಬೇರೆ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಕತ್ತರಿಸಿ ಬೀಳಲಿ. ಮೊದಲ ಎರಡು ಸುತ್ತು ನೇರ ಹೋದರೆ ಉಳಿದದ್ದು ನೇರ ಹೋಗುತ್ತದೆ. ಕೈಗೆ ಇದ್ದಕ್ಕಿದ್ದಂತೆ ಬಿಗಿ ಎನಿಸಿದರೆ ಬಲ ಹಾಕದೆ ಹೊರತೆಗೆದು ತೊಳೆಯಬೇಕು. ತೆಳು ಗೋಡೆಯಲ್ಲಿ ಸಿಕ್ಕಿಬಿದ್ದ ಟ್ಯಾಪನ್ನು ಒತ್ತಿ ತಿರುಗಿಸಿದರೆ ನಳಿಗೆಯೇ ತಿರುಚಿಕೊಳ್ಳುತ್ತದೆ.

ಹಂತ 7: ಟ್ಯೂಬ್ ಸರಿಯಾಗಿ ಕೂತಿದೆಯೇ

ಕೋವಿ ವಾಪಸ್ ಪಡೆಯುವಾಗ ಇದನ್ನು ನೀವೇ ನೋಡಬಹುದು. ಟ್ಯೂಬ್ ಬೆರಳಲ್ಲೇ ಕೊನೆಯವರೆಗೆ ತಿರುಗಬೇಕು. ಅದರ ಹಿಂತುದಿ ನಳಿಗೆಯೊಳಗಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು, ಮುಂದಿನ ಅಂಚು ಬಾಯಿಗೆ ತಾಗಿ ನಿಂತರೆ ತಪ್ಪು. ಖಚಿತಪಡಿಸಿಕೊಳ್ಳಲು ಸ್ಕರ್ಟಿನ ಅಂಚಿಗೆ ಮಾರ್ಕರ್ ಶಾಯಿ ಬಳಿದು, ಕೂರಿಸಿ, ಬಿಗಿದು, ಬಿಚ್ಚಿ. ಶಾಯಿ ಸುತ್ತಲೂ ಸಮನಾಗಿ ಉಜ್ಜಿಹೋಗಿದ್ದರೆ ಸರಿ. ಒಂದೇ ಕಡೆ ಉಜ್ಜಿದ್ದರೆ ಮೆಟ್ಟಿಲು ಓರೆ, ಎಲ್ಲೂ ಉಜ್ಜದಿದ್ದರೆ ಹಿಂದೆ ಸಂದು ಉಳಿದಿದೆ. ಆ ಸಂದಿಗೆ ಅನಿಲವೂ ಮಸಿಯೂ ನುಗ್ಗಿ ಟ್ಯೂಬ್ ಸಿಕ್ಕಿಕೊಳ್ಳುತ್ತದೆ.

ನಂತರ ಹಿಂತುದಿಯಿಂದ ದೀಪ ಬಿಟ್ಟು ಬಾಯಿಯಿಂದಲೂ, ಬಾಯಿಯಿಂದ ಬಿಟ್ಟು ಹಿಂತುದಿಯಿಂದಲೂ ನೋಡಿ. ಹಿಂತುದಿಯಿಂದ ನೋಡಿದಾಗ ಟ್ಯೂಬಿನ ಅಂಚು ಹೊಳೆಯುವ ಉಂಗುರವಾಗಿ ಕಂಡರೆ ಅದು ಒಳಗೆ ಚಾಚಿದೆ. ಹಾರಿಸಬೇಡಿ, ಹಿಂದಕ್ಕೆ ಕೊಡಿ.

ಹಂತ 8: ಪ್ರೂಫ್ ಪರೀಕ್ಷೆ

ಪ್ರೂಫ್ ಎಂದರೆ ಸಾಮಾನ್ಯಕ್ಕಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುವ ಅಧಿಕೃತ ಪರೀಕ್ಷೆ. ಜರ್ಮನಿ, ಆಸ್ಟ್ರಿಯಾ, ಬ್ರಿಟನ್‌ನಂಥ ದೇಶಗಳಲ್ಲಿ ಇದು ಕಾನೂನಿನ ಭಾಗ. ನಳಿಗೆಯ ಉಕ್ಕು ತೆಗೆದು ಥ್ರೆಡ್ ಕೊರೆದ ಮೇಲೆ ಹಳೆಯ ಮುದ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕೆಲಸ ಒಪ್ಪಿಸುವ ಮೊದಲೇ ಮರುಪ್ರೂಫಿನ ಜವಾಬ್ದಾರಿ ಯಾರದು, ನಳಿಗೆ ಪರೀಕ್ಷೆಯಲ್ಲಿ ಸೋತರೆ ಏನು ಎಂದು ಬರೆದು ಮಾತಾಡಿಕೊಳ್ಳಿ. ಪರೀಕ್ಷೆಯಲ್ಲಿ ಬಾಯಿ ಉಬ್ಬಿದ ಜೋಡಿ ನಳಿಗೆಯನ್ನು ರಿಪೇರಿ ಮಾಡುವುದು ಕೋವಿಯ ಬೆಲೆಗಿಂತ ದುಬಾರಿಯಾಗಬಹುದು.

ಹಂತ 9: ಮತ್ತೆ ಕಾಗದಕ್ಕೆ

ಹಂತ 2ರಲ್ಲಿ ಮಾಡಿದ್ದನ್ನೇ ಅದೇ ತೋಟಾ, ಅದೇ ದೂರದಲ್ಲಿ ಮಾಡಿ. ರೈಫಲ್ ಮೊದಲು, ಏಕೆಂದರೆ ವೈಸಿನ ಹಿಡಿತ ಬೆಸುಗೆಯನ್ನು ಎಲ್ಲಿಯಾದರೂ ಸಡಿಲಿಸಿದ್ದರೆ ಅದು ಇಲ್ಲಿಯೇ ಗೊತ್ತಾಗುತ್ತದೆ. ತಣ್ಣನೆಯ ನಳಿಗೆಯ ಮೂರು ಗುಂಡು ಹಳೆಯ ಜಾಗದಲ್ಲೇ ಬಿದ್ದರೆ ನೆಮ್ಮದಿ. ಜಾಗ ಬದಲಾಗಿದ್ದು ಮೂರೂ ಒತ್ತಾಗಿದ್ದರೆ ದೂರದರ್ಶಕ ಹೊಂದಿಸಿದರೆ ಸರಿಹೋಗುತ್ತದೆ, ಆದರೆ ಚರೆಯೂ ಅಷ್ಟೇ ಸರಿದಿದೆಯೇ ನೋಡಬೇಕು. ಚದುರಿದ್ದರೆ ಬೆಸುಗೆ ಬಿಟ್ಟಿದೆಯೇ ಎಂದು ಪರೀಕ್ಷಿಸಿ: ನಳಿಗೆಗಳನ್ನು ದಾರದಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಗಂಟೆಯಂತೆ ನಾದ ಬರಬೇಕು, ಮೊಂಡು ಸದ್ದು ಬಂದರೆ ಎಲ್ಲೋ ಬಿಟ್ಟಿದೆ.

ಪ್ರತಿ ಟ್ಯೂಬಿಗೂ ಬೇರೆ ಬೇರೆ ಕಾಗದ ಇರಲಿ. ಟ್ಯೂಬಿನ ಮೇಲೆ ಹಾಫ್ ಎಂದು ಕೊರೆದಿದ್ದರೂ ನಿಮ್ಮ ನಳಿಗೆಯ ಒಳವ್ಯಾಸ ಬೇರೆಯಾದರೆ ಅದು ಹಾಫ್ ಆಗಿ ಉಳಿಯುವುದಿಲ್ಲ. ಕಾಗದದ ಎಣಿಕೆಯನ್ನು ನಂಬಿ.

ಬಳಕೆಯಲ್ಲಿ

ಥ್ರೆಡ್ಡಿಗೆ ತಾಮ್ರದ ಅಥವಾ ಮಾಲಿಬ್ಡಿನಮ್ ಗ್ರೀಸನ್ನು ತೆಳ್ಳಗೆ ಸವರಿ. ಹೆಚ್ಚಾದರೆ ಸ್ಕರ್ಟಿನ ಹಿಂದೆ ಸೇರಿ ಗಟ್ಟಿಯಾಗುತ್ತದೆ. ಕೀಲಿಯಿಂದ ಬಿಗಿಯುವಾಗ ಕೋವಿ ಖಾಲಿ ಇರಬೇಕು, ಮಡಚಿ ತೆರೆದಿರಬೇಕು. ಪ್ರತಿ 25 ಹೊಡೆತಕ್ಕೊಮ್ಮೆ ಬಿಗಿ ಇದೆಯೇ ಮುಟ್ಟಿ ನೋಡಿ. ಟ್ಯೂಬ್ ಇಲ್ಲದೆ ಒಂದೇ ಒಂದು ತೋಟಾವನ್ನೂ ಹಾರಿಸಬೇಡಿ, ತೆರೆದ ಥ್ರೆಡ್ ಒಂದೇ ಹೊಡೆತಕ್ಕೆ ಹಾಳಾಗಬಹುದು. ಒಂಟಿ ಗುಂಡಿನ ತೋಟಾಕ್ಕೆ ಸಿಲಿಂಡರ್ ಅಥವಾ ಕಾಲು ಚೋಕ್ ಟ್ಯೂಬ್ ಹಾಕಿ. ಬೇಟೆಯಿಂದ ಬಂದ ದಿನವೇ ಟ್ಯೂಬ್ ಬಿಚ್ಚಿ ಒರೆಸಿಡಿ, ಒದ್ದೆಯಾದ ಕೋವಿಯಲ್ಲಿ ತಿಂಗಳುಗಟ್ಟಲೆ ಬಿಟ್ಟ ಟ್ಯೂಬ್ ತುಕ್ಕು ಹಿಡಿದು ನಳಿಗೆಗೇ ಅಂಟಿಕೊಳ್ಳುತ್ತದೆ.